ಟ್ರೇಲರಿನ ತೂಕವೂ ತೂಕವೇ

ಟ್ರೇಲರ್ ಬಾಡಿಗೆಗೆ ಕೊಡುವ ಆ ಅಂಗಳದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ತಕ್ಕಡಿ ಮೇಡಂ ಎಂದು. ಸಾಮಾನು ಸಾಗಿಸಲು ಕಾರು ತಂದವರಿಗೆ ಅವಳು ಕೇಳುತ್ತಿದ್ದುದು ಎರಡೇ ಮಾತು: ನಿಮ್ಮ ಕಾರು ಎಷ್ಟು ಎಳೆಯಬಹುದು, ನೀವು ಹೇರುವುದೆಷ್ಟು? ಹನ್ನೊಂದು ವರ್ಷದಲ್ಲಿ ಎರಡಕ್ಕೂ ನೆಟ್ಟಗೆ ಉತ್ತರ ಕೊಟ್ಟವರನ್ನು ಬೆರಳಲ್ಲಿ ಎಣಿಸಬಹುದಿತ್ತು. ಒಬ್ಬರು ಕಾರು ಹೊಸದು ಎನ್ನುವರು, ಇನ್ನೊಬ್ಬರು ಎಂಜಿನ್ ದೊಡ್ಡದು ಎನ್ನುವರು. ಎಳೆಯುವುದು ದೊಡ್ಡದಲ್ಲ, ಇಳಿಜಾರಿನಲ್ಲಿ ನಿಲ್ಲಿಸುವುದು ದೊಡ್ಡದು ಎಂದು ಹೇಳಿ ಹೇಳಿ ಅವಳ ಗಂಟಲು ಒಣಗಿತ್ತು.

ಒಂದು ಶನಿವಾರ ಬೆಳಿಗ್ಗೆ ಅವಳ ಸ್ವಂತ ಅಣ್ಣನೇ ಬಂದ. ಮನೆಗೆ ಟೈಲ್ಸ್ ತರಬೇಕಿತ್ತು. ಮೂವತ್ತು ಪೆಟ್ಟಿಗೆ, ಒಂದೊಂದೂ ಇಪ್ಪತ್ತೈದು ಕಿಲೋ. ಅವಳು ಕಾರಿನ ಕೈಪಿಡಿ ತೆಗೆಸಿ ನೋಡಿದಳು. ಬ್ರೇಕಿಲ್ಲದ ಟ್ರೇಲರಾದರೆ ಸರಕೂ ಸೇರಿ ಆರುನೂರು ಕಿಲೋ ದಾಟುವಂತಿಲ್ಲ ಎಂದಿತ್ತು. ಅಂಗಳದ ಟ್ರೇಲರುಗಳಿಗೆ ಬ್ರೇಕಿರಲಿಲ್ಲ, ಖಾಲಿ ಟ್ರೇಲರೇ ಇನ್ನೂರು ಕಿಲೋ.

"ಎರಡು ಸಲ ಹೋಗಿ ಬಾ ಅಣ್ಣ. ಒಂದು ಸಲಕ್ಕೆ ಹದಿನೈದೇ ಪೆಟ್ಟಿಗೆ."

"ನೀನು ಲಂಗ ಹಾಕ್ಕೊಂಡು ಓಡಾಡ್ತಿದ್ದಾಗಿಂದ ಗಾಡಿ ಓಡಿಸ್ತಿದ್ದೀನಿ. ನನಗೇ ಹೇಳಿಕೊಡ್ತೀಯಾ?"

ಅವಳು ಬಾಡಿಗೆ ಚೀಟಿಗೆ ಸಹಿ ಹಾಕಲಿಲ್ಲ. ಅಣ್ಣ ನೇರ ಮಾಲೀಕರ ಕೋಣೆಗೆ ಹೋದ. ಮನೆಯವರ ಹತ್ತಿರವೂ ಕಾನೂನು ಮಾತಾಡ್ತಾಳೆ ಎಂದು ನಗುತ್ತ ಅವರೇ ಟ್ರೇಲರಿನ ಸರಪಳಿಯ ಬೀಗ ತೆಗೆದುಕೊಟ್ಟರು. ಹಿತ್ತಲ ಗಿಡ ಮದ್ದಲ್ಲವಲ್ಲ! ಭಾರವನ್ನು ಹಿಂದಕ್ಕೆ ಹೇರಬೇಡ, ಮುಂದಕ್ಕಿರಲಿ ಎನ್ನುತ್ತ ಅವಳು ಗೇಟಿನವರೆಗೂ ಕಾರಿನ ಪಕ್ಕದಲ್ಲೇ ನಡೆದಳು. ಅಣ್ಣ ಕಿಟಕಿಯ ಗಾಜು ಏರಿಸಿಕೊಂಡ.

ಮಧ್ಯಾಹ್ನ ಅತ್ತಿಗೆಯ ಫೋನು ಬಂತು. ಇಳಿಸುವುದು ಸುಲಭವೆಂದು ಮೂವತ್ತೂ ಪೆಟ್ಟಿಗೆಯನ್ನು ಹಿಂಬದಿಗೇ ಹೇರಿದ್ದನಂತೆ. ಇಳಿಜಾರಿನಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ತೂಗಾಡಿ, ಕಾರನ್ನೇ ಅಡ್ಡ ತಿರುಗಿಸಿ ಚರಂಡಿಗೆ ತಳ್ಳಿತ್ತು. ಟೈಲ್ಸೆಲ್ಲ ಚೂರು. ಅಣ್ಣನ ಮಣಿಕಟ್ಟು ಮುರಿದಿತ್ತು, ಜೀವಕ್ಕೇನೂ ಆಗಿರಲಿಲ್ಲ.

ಬೈಯಬಾರದೆಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಅವಳು ಆಸ್ಪತ್ರೆಗೆ ಹೋದಳು. ಅವಳು ಬಾಗಿಲು ದಾಟುವ ಮೊದಲೇ ಅಣ್ಣ ಮಂಚದಿಂದ, "ನಿಮ್ಮ ಕೊಂಡಿ ಸರಿ ಇರಲಿಲ್ಲ," ಎಂದ. ಆ ಕೊಂಡಿಗೆ ಬೆಳಿಗ್ಗೆ ಗ್ರೀಸ್ ಹಚ್ಚಿ ಎಳೆದು ನೋಡಿದ್ದವಳು ಅವಳೇ.

"ಕೊಂಡಿ ಬಿಚ್ಚೇ ಇಲ್ಲ ಅಣ್ಣ. ದಾರಿಯಲ್ಲಿ ನೋಡಿಕೊಂಡೇ ಬಂದೆ, ಚರಂಡಿಯಲ್ಲೂ ಕಾರಿಗೇ ಕಚ್ಚಿಕೊಂಡಿದೆ."

ಅವನು ಗೋಡೆಯ ಕಡೆ ತಿರುಗಿದ. ಅವಳು ಹೊರಬಂದು ಬೆಂಚಿನ ಮೇಲೆ ಕುಳಿತು ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು.

ಸೋಮವಾರ ಅವಳು ಮಾಲೀಕರಿಗೆ ಹೇಳಿದಳು, ತನ್ನ ಸಹಿಯಿಲ್ಲದೆ ಇನ್ನೊಂದು ಟ್ರೇಲರ್ ಹೊರಟರೆ ತಾನೂ ಹೊರಟೆ ಎಂದು. ಅವರು ಆಗಲಿ ಎಂದರು. ನಾಲ್ಕೇ ದಿನಕ್ಕೆ ತಮ್ಮ ಗೆಳೆಯನಿಗೆ ಗುಟ್ಟಾಗಿ ಒಂದನ್ನು ಕೊಟ್ಟು ಕಳಿಸಿದ್ದರು. ಅದು ಹಿಂತಿರುಗಿದ ಮೇಲೆ ಅವಳು ಎಲ್ಲ ಬೀಗದ ಕೈಗಳನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು. ಮಾಲೀಕರು ಗೊಣಗಿದರು, ಕೇಳಿ ವಾಪಸು ಪಡೆಯಲಿಲ್ಲ.

ಹೊಸ ಟೈಲ್ಸ್ ಲಾರಿಯಲ್ಲಿ ಬಂದವೆಂದು ಅತ್ತಿಗೆ ತಿಳಿಸಿದಳು. ಅಣ್ಣ ಇನ್ನೂ ಅವಳ ಹತ್ತಿರ ಮಾತಾಡಿಲ್ಲ.