ಕನ್ನಡಕಕ್ಕೆ ಬೆಸುಗೆ ಹಾಕುವ ಮುನಿತಾಯಮ್ಮ

ಬೆಳಕು ಹರಿಯುವ ಹೊತ್ತಿಗೆ ವಿಜಯನಗರದ ಬಸ್‌ಸ್ಟಾಪಿನ ಮೂಲೆಯಲ್ಲಿ ಗೋಣಿಚೀಲ ಹಾಸಿ ಕೂತ ಮುನಿತಾಯಮ್ಮ ಗಾಜಿನ ಸೀಸೆಯ ಬಿರಡೆ ತೆಗೆಯುತ್ತಾರೆ. ಮೂಗಿಗೆ ರಪ್ಪೆಂದು ಬಡಿಯುವುದು ಅಸಿಟೋನ್. ಅಂಗೈಗೆ ಬಿದ್ದರೆ ಐಸಿನಂತೆ ತಣ್ಣಗೆ, ನೋಡನೋಡುತ್ತ ಮಾಯ. ಹುಡುಗಿಯರು ಉಗುರುಬಣ್ಣ ಅಳಿಸುವುದು ಇದರಿಂದಲೇ. ಕನ್ನಡಕದ ಪ್ಲಾಸ್ಟಿಕ್ ಫ್ರೇಮಿಗೆ ತಾಗಿಸಿದರೆ ಅದು ಮೆತ್ತಗಾಗಿ, ಮುರಿದ ತುದಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಇವತ್ತಿನ ಮೊದಲ ಗಿರಾಕಿ ಡ್ರೈವರ್ ಬೈರಯ್ಯ. ಕನ್ನಡಕ ನಟ್ಟನಡುವೆ ಎರಡು ತುಂಡು. ಕೆಂಗೇರಿ ಬಸ್ಸು ಜನ ತುಂಬಿಕೊಂಡು ನಿಂತಿದೆ. ಕನ್ನಡಕವಿಲ್ಲದೆ ಸ್ಟೇರಿಂಗ್ ಹಿಡಿದರೆ ಕೆಲಸಕ್ಕೇ ಕುತ್ತು.

"ಬೇಗ ಮಾಡಮ್ಮ."

"ನಾನೂ ಬೇಗಾನೇ, ಇದೂ ಬೇಗಾನೇ. ನೀವು ಸ್ವಲ್ಪ ಸುಮ್ಮನಿರಿ."

ಮುನಿತಾಯಮ್ಮ ಕಡ್ಡಿಯಲ್ಲಿ ಒಂದು ಹನಿ ಅದ್ದಿ ಮುರಿದ ತುದಿಗಳಿಗೆ ತಾಗಿಸಿ ಕೂಡಿಸಿದರು. ಸುಮ್ಮನಿದ್ದರೆ ಬೈರಯ್ಯ ಹೇಗಾದಾರು? ಬಗ್ಗಿ, ಬಿಸಿ ಕಾಫಿ ಆರಿಸುವಂತೆ ಉಫ್ ಉಫ್ ಎಂದು ಊದಿಯೇಬಿಟ್ಟರು. ಕಪ್ಪು ಫ್ರೇಮಿನ ನಡುವೆ ವಿಭೂತಿ ಬಳಿದಂತೆ ಬಿಳುಪು.

"ಹೋಯ್ತಲ್ಲಪ್ಪ! ಇದು ಆವಿಯಾಗಿ ಹಾರುವಾಗ ಆ ಜಾಗ ತಣ್ಣಗಾಗುತ್ತೆ. ನಿಮ್ಮ ಬಾಯಿ ತೇವ ಎಲ್ಲಾ ಬಂದು ಅಲ್ಲೇ ಕೂತ್ಕೊಳ್ತು. ಇನ್ನು ಬೆಸುಗೆ ಎಲ್ಲಿ ನಿಲ್ಲುತ್ತೆ?"

ಮುನಿತಾಯಮ್ಮ ಈ ವಿದ್ಯೆ ಕಲಿತದ್ದು ರಾಜಾಜಿನಗರದ ಬಾಚಣಿಗೆ ಕಾರ್ಖಾನೆಯಲ್ಲಿ. ಮಾಲೀಕ ರಾತ್ರೋರಾತ್ರಿ ಬೀಗ ಜಡಿದು ಹೋದ; ಅಲ್ಲಿ ದುಡಿಯುತ್ತಿದ್ದ ಹೆಂಗಸರು ಬೀದಿಗೆ ಬಿದ್ದರು. ಕೇಳಿದವರುಂಟೇ? ಮನೆಮನೆಗೂ ಟೀವಿ ಬರುತ್ತಿರುವ ಕಾಲ, ಎಲ್ಲರಿಗೂ ಹೊಸದೇ ಬೇಕು. ದೊಡ್ಡ ಅಂಗಡಿಗಳಲ್ಲಿ ಮುರಿದ ಕನ್ನಡಕಕ್ಕೆ ಇರುವುದು ಒಂದೇ ಮದ್ದು: ಹೊಸದು ತಗೊಳ್ಳಿ! ಯಾವನಪ್ಪನ ಗಂಟು?

ಅಷ್ಟರಲ್ಲಿ ಬಸ್ಸಿಗೆ ಬಸ್ಸೇ ಇಳಿದು ಸುತ್ತ ನೆರೆದಿದೆ. ಒಬ್ಬ ಬೀಡಿ ಬಾಯಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ.

"ಗೀರ್ಬೇಡ ಕಣೋ! ಇದರ ಆವಿಗೆ ಕಿಡಿ ಸೋಕಿದ್ರೆ ನಿನ್ನ ಮೀಸೆ ಹುಡುಕ್ಕೊಂಡು ಮೂಡಲಪಾಳ್ಯದವರೆಗೂ ಹೋಗ್ಬೇಕಾಗುತ್ತೆ!"

ಬಿಳುಪನ್ನು ಕೆರೆದು ತೆಗೆದು, ಕಡ್ಡಿಯಲ್ಲಿ ಮತ್ತೊಂದು ಹನಿ ತಾಗಿಸಿ, ತುದಿಗಳನ್ನು ಒತ್ತಿ ಹಿಡಿದರು.

"ಉಸಿರು ಬಿಗಿ ಹಿಡ್ಕೊಳಿ."

ಹೇಳಿದ್ದು ಬೈರಯ್ಯನವರಿಗೆ ಬುದ್ಧಿ ಬರಲೆಂದು. ಹಿಡಿದದ್ದು ಇಡೀ ಬಸ್ಸು. ವಿಶಲ್ ಬಾಯಲ್ಲಿಟ್ಟ ಕಂಡಕ್ಟರೂ ಕೆನ್ನೆ ಉಬ್ಬಿಸಿ ನಿಂತುಬಿಟ್ಟ.

ಬೆಸುಗೆ ಕಪ್ಪಗೆ ಕೂತಿತು. ಗಟ್ಟಿಯಾಗುವವರೆಗೂ ಕೈ ಬಿಡದೆ, ಕೊನೆಗೆ ಮುನಿತಾಯಮ್ಮನೇ ಅದನ್ನು ಬೈರಯ್ಯನವರ ಮೂಗಿಗೇರಿಸಿದರು.

ಬೈರಯ್ಯ ಕಣ್ಣರಳಿಸಿ ನೋಡಿದರು. "ಅಯ್ಯೋ, ನಿಮಗೆ ಇಷ್ಟೊಂದು ಕೂದಲು ನೆರೆತಿದ್ಯಾ ತಾಯಿ?"

ಮುನಿತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ಕಾಣ್ತಲ್ಲ, ಸರಿಯಾಗಿ ಕೂತಿದೆ ಅಂತಾಯ್ತು. ಹೋಗಿ, ಬಸ್ ಬಿಡಿ."