ಕಿಟಕಿ ಗೆತೆ

ನಗಬೇಡ, ಬರ್ಕೋ. ಡಿಗುಂ ಅಜ್ಜಿಗೆ ಆ ಹೆಸರು ಯಾರಿಟ್ಟರು ಅಂತ ತಾನೇ ನೀನು ಕೇಳಿದ್ದು? ನಾನೇ ಇಟ್ಟಿದ್ದು. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇತ್ತು, ಒಳ್ಳೆಯ ಹೆಸರೇ. ಈಗ ಅದನ್ನು ಹಿಡಿದು ಕರೆದರೆ ಅವಳೇ ಪಕ್ಕದವರ ಮುಖ ನೋಡುತ್ತಾಳೆ.

ಅವಳು ನಿಮ್ಮ ತಾತನ ತಂಗಿ, ನನಗೆ ನಾದಿನಿ. ನಾನು ಮದುವೆಯಾಗಿ ಆ ಮನೆಗೆ ಬಂದಾಗ ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಬಾಯಲ್ಲಿ ನಾಲ್ಕು ಗುಂಡಿ ಇಟ್ಟುಕೊಂಡೇ ಊರಿನ ಸುದ್ದಿಯೆಲ್ಲ ಹೇಳುವಳು, ಒಂದೂ ಕೆಳಗೆ ಬೀಳುತ್ತಿರಲಿಲ್ಲ. ಅದಕ್ಕೇ ಮನೆಯಲ್ಲಿ ಎಲ್ಲರೂ ಗುಂಡಿ ಅನ್ನುತ್ತಿದ್ದರು. ಸೈಕಲ್ ರಿಪೇರಿ ಅಂಗಡಿಯ ಮೇಲೆ ನಮ್ಮ ಎರಡು ಕೋಣೆ. ಅಡುಗೆಮನೆಗೆ ಇದ್ದದ್ದು ಒಂದೇ ಕಿಟಕಿ. ತೆಗೆದರೆ ಕೆಳಗಿನ ರಬ್ಬರ್ ವಾಸನೆ, ಮುಚ್ಚಿದರೆ ಸ್ಟೌ ಹೊಗೆ. ಆ ಕಿಟಕಿಯನ್ನು ಸ್ವಲ್ಪ ನೆನಪಿಟ್ಟುಕೋ, ಅದಕ್ಕೆ ಮುಂದೆ ಕೆಲಸ ಇದೆ.

ಗುಂಡಿಗೆ ಅಂಚೆ ವಿಂಗಡಿಸುವ ಕೆಲಸಕ್ಕೆ ಸೇರಬೇಕು ಅಂತ ಒಂದೇ ಆಸೆ. ಕಾಗದಗಳನ್ನು ಊರೂರಿಗೆ ಬೇರೆ ಮಾಡಿ ಗೂಡಿಗೆ ಹಾಕುತ್ತಾರಲ್ಲ, ಅದು. ಅದಕ್ಕೆ ಪರೀಕ್ಷೆ. ಎರಡು ಸಲ ಬರೆದಳು, ಎರಡು ಸಲವೂ ಹೋಯಿತು. ಲೆಕ್ಕ ಬರುತ್ತಿತ್ತು, ಸಾಮಾನ್ಯ ಜ್ಞಾನ ಬರುತ್ತಿತ್ತು. ಅವಳ ಕಾಲಿಗೆ ತೊಡರುತ್ತಿದ್ದದ್ದು ಗುಟ್ಟಿನ ಅಕ್ಷರದ ಪ್ರಶ್ನೆಗಳು. 'ಕಮಲವನ್ನು ಲಮಕ ಅಂತ ಬರೆದರೆ ಸಡಗರವನ್ನು ಹೇಗೆ ಬರೆಯುತ್ತಾರೆ?' ಇಂಥವು. ಕಂಡ ಕೂಡಲೇ ಪುಟ ತಿರುಗಿಸಿಬಿಡುತ್ತಿದ್ದಳಂತೆ.

ಎರಡನೇ ಸಲ ಫಲಿತಾಂಶ ಬಂದ ದಿನ ಗೋಡೆ ಕಡೆ ತಿರುಗಿ ಮಲಗಿದವಳು ಏಳಲೇ ಇಲ್ಲ. ಅತ್ತೆ ತಟ್ಟೆ ಹಿಡಿದು ಪಕ್ಕದಲ್ಲೇ ಕೂತಿದ್ದರು. ಅನ್ನ ಆರಿತು. ಆಗ ಅವರು ಅಂದರು: "ಇದೇ ಕೊನೆ ಕಣೇ. ಇನ್ನೊಂದು ಸಲ ಆ ಪರೀಕ್ಷೆ ಹೆಸರು ಎತ್ತಬೇಡ. ನಿನ್ನ ಬೆನ್ನು ನೋಡ್ಕೊಂಡು ಕೂರೋ ಶಕ್ತಿ ನನಗಿಲ್ಲ."

ಆದರೆ ವಯಸ್ಸಿನ ಮಿತಿ ಅಂತ ಒಂದು ಇರುತ್ತದಲ್ಲ. ಅವಳಿಗೆ ಇನ್ನೊಂದೇ ಅವಕಾಶ ಉಳಿದಿತ್ತು. ಅದು ಹೋದರೆ ಬಾಯಲ್ಲಿ ಗುಂಡಿ ಇಟ್ಟುಕೊಂಡೇ ಮುದುಕಿಯಾಗಬೇಕು.

"ಅತ್ತಿಗೆ, ಅಮ್ಮನಿಗೆ ಗೊತ್ತಾಗ್ದೆ ಬರೀತೀನಿ. ನೀವು ಹೇಳಿಕೊಡಿ," ಅಂದಳು.

"ನನಗೆಲ್ಲಿ ಬರತ್ತೆ? ನಾನು ಓದಿದ್ದು ಎಷ್ಟು ಅಂತ ನಿನಗೆ ಗೊತ್ತಿಲ್ವಾ?"

"ಬರದೇ ಇದ್ರೂ ಪರವಾಗಿಲ್ಲ, ಪಕ್ಕದಲ್ಲಿ ಕೂತ್ಕೊಳ್ಳಿ. ಒಬ್ಬಳೇ ಆದ್ರೆ ಹೆದರಿಕೆ ಆಗತ್ತೆ."

ಅತ್ತೆ ಸದಾ ಅಡುಗೆಮನೆಯಲ್ಲೇ, ಬೇಳೆ ಆರಿಸುತ್ತಲೋ ಪಾತ್ರೆ ಒರೆಸುತ್ತಲೋ. ಅವರ ಮುಂದೆ ಪುಸ್ತಕ ಬಿಡಿಸುವ ಹಾಗಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಮಾತನ್ನೇ ತಿರುಗಿಸಿ ಆಡುವುದು. ಅಭ್ಯಾಸಕ್ಕೆ ಅಭ್ಯಾಸ, ಗುಟ್ಟಿಗೆ ಗುಟ್ಟು. ಪರೀಕ್ಷೆಯ ಮಾತೂ ಅದರಲ್ಲೇ. ಹಾಲು ಅನ್ನಬೇಕಾದರೆ ಲುಹಾ, ಬೇಡ ಅನ್ನಬೇಕಾದರೆ ಡಬೇ. ಗುಂಡಿ ಹೋಗಿ ಡಿಗುಂ ಆದಳು. ಆಯಿತಾ, ನಿನ್ನ ಪ್ರಶ್ನೆಗೆ ಉತ್ತರ ಸಿಕ್ಕಿತಾ? ಸಿಕ್ಕಿತು ಅಂತ ಎದ್ದು ಹೋಗಬೇಡ, ಕೂತ್ಕೋ.

ನಿಮ್ಮ ತಾತನ ಪಾಡು ಕೇಳಬೇಡ. ಒಂದು ದಿನ ಊಟಕ್ಕೆ ಕೂತು, "ಇವರಿಬ್ಬರಿಗೂ ಏನಾಗಿದೆಯಮ್ಮ? ಡಾಕ್ಟರಿಗೆ ತೋರಿಸೋಣ್ವಾ?" ಅಂದರು. ಅತ್ತೆ ತಲೆ ಎತ್ತದೆ, "ಹುಡುಗಾಟ ಬಿಡೋ. ನಗ್ತಾ ಇದ್ದಾರಲ್ಲ, ಇರಲಿ," ಅಂದರು. ನಮಗೆ ಒಳಗೊಳಗೇ ಖುಷಿ, ಅತ್ತೆಗೆ ಏನೂ ತಿಳಿದಿಲ್ಲ ಅಂತ.

ತಿರುಗಿಸುವುದು ಬಂತು. ಆದರೆ ಇನ್ನೊಂದು ಜಾತಿಯ ಪ್ರಶ್ನೆ ಇತ್ತು. 'ಟಿ ಪೊ ನಾ ಅಂದರೆ ನೀರು ತಣ್ಣಗೆ ಇದೆ. ಸು ಟಿ ಲೇ ಅಂದರೆ ಬೇಗ ನೀರು ಕುಡಿ. ಹಾಗಾದರೆ ನೀರಿಗೆ ಏನು?' ಇದು ಮಾತ್ರ ನಮ್ಮಿಬ್ಬರಿಗೂ ತಲೆಗೆ ಹೋಗಲೇ ಇಲ್ಲ. ಟಿ ಪೊ ನಾ ಅಂತ ಅವಳು ಶುರು ಮಾಡಿದರೆ ನನಗೆ ನಗು, ಅವಳಿಗೆ ಅಳು.

ಪರೀಕ್ಷೆಯ ದಿನ ಬಂತು. ಕಾರ್ಖಾನೆಯಲ್ಲಿ ಕೆಲಸ ಜಾಸ್ತಿ ಇದೆ, ಬೇಗ ಹೋಗಬೇಕು ಅಂತ ಸುಳ್ಳು ಹೇಳಿ ಹೊರಟಳು. ಹೊಟ್ಟೆಗೆ ಏನೂ ಹಾಕಿಕೊಂಡಿರಲಿಲ್ಲ. ಚಪ್ಪಲಿಗೆ ಕಾಲು ತೂರಿಸುತ್ತಿದ್ದಾಳೆ, ಒಳಗಿನಿಂದ ಅತ್ತೆಯ ದನಿ ಬಂತು:

"ಡಿಗುಂ, ಟಊ ಡಿಮಾ ಗುಹೋ."

ಊಟ ಮಾಡಿ ಹೋಗು. ಗುಂಡಿ ಒಂದು ಕಾಲಿನ ಚಪ್ಪಲಿಯಲ್ಲೇ ನಿಂತಳು. ನನ್ನ ಕೈಯ ಸೌಟು ಪಾತ್ರೆಯೊಳಗೇ ಬಿತ್ತು. ಅತ್ತೆ ತಟ್ಟೆಗೆ ಅನ್ನ ಬಡಿಸುತ್ತಾ ಕೂತಿದ್ದಾರೆ, ಏನೂ ಆಗಿಲ್ಲ ಅನ್ನುವ ಹಾಗೆ.

"ಅಮ್ಮ, ನಿನಗೆ ಹೇಗೆ ಗೊತ್ತಾಯ್ತು?"

"ಮೊದಲನೇ ವಾರನೇ ಗೊತ್ತಾಯ್ತು. ನಿಮ್ಮತ್ತಿಗೆ 'ಕಿಟಕಿ ಗೆತೆ' ಅಂದಳು. ನೀನು ಎದ್ದುಹೋಗಿ ಕಿಟಕಿ ತೆಗೆದೆ. ಆಮೇಲೆ ಇವಳು 'ಬ್ಬಡ ಗೆತೆ' ಅಂದಳು, ನೀನು ಡಬ್ಬದ ಮುಚ್ಚಳ ತೆಗೆದೆ. ಎರಡರಲ್ಲೂ ಗೆತೆ, ಎರಡು ಸಲನೂ ನೀನು ತೆಗೆದೆ. ನಾನೇನು ಕಣ್ಣು ಮುಚ್ಚಿಕೊಂಡು ಬೇಳೆ ಆರಿಸ್ತೀನಾ?"

"ಕಿಟಕಿ ಅನ್ನೋದು ತಿರುಗಿಸಿದ್ರೂ ಕಿಟಕಿನೇ ಅತ್ತೆ," ಅಂದೆ ನಾನು, ಪೆಚ್ಚಾಗಿ.

"ಹೂಂ, ಪಾಪ. ನಿಮ್ಮ ಗುಟ್ಟಿಗೆ ಅದೇ ಬಾಗಿಲು ತೆಗೆದಿದ್ದು."

"ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ?" ಅಂದಳು ಗುಂಡಿ.

"ನನಗೆ ಗೊತ್ತಿಲ್ಲ ಅಂದ್ಕೊಂಡ್ರೆ, ಸೋತು ಬಂದ್ರೂ ನನ್ನ ಮುಂದೆ ತಲೆ ತಗ್ಗಿಸೋ ಹಾಗಿರಲಿಲ್ಲ ನೀನು. ಇವತ್ತೂ ಸುಮ್ಮನೇ ಇರ್ತಿದ್ದೆ. ಖಾಲಿ ಹೊಟ್ಟೆಲಿ ಹೊರಟೆಯಲ್ಲ, ಅದಕ್ಕೆ ಬಾಯಿಬಿಟ್ಟೆ. ಕೂತ್ಕೋ."

ಗುಂಡಿ ಕೂತಳು. ಊಟ ಮಾಡಿದಳು. ನಿಜ ಹೇಳಬೇಕೆಂದರೆ ತಿಂದದ್ದಕ್ಕಿಂತ ಅತ್ತದ್ದೇ ಹೆಚ್ಚು. ಅತ್ತೆ ಅವಳ ತಟ್ಟೆಗೆ ಇನ್ನೊಂದು ಹಿಡಿ ಹಾಕಿ, "ಉಪ್ಪು ಸಾಕಾ, ಇಲ್ಲ ಇನ್ನೂ ಸ್ವಲ್ಪ ಅಳ್ತೀಯಾ?" ಅಂದರು.

ಪರೀಕ್ಷೆಯಲ್ಲಿ ಆ ಟಿ ಪೊ ನಾ ಜಾತಿಯ ಪ್ರಶ್ನೆಗಳೇ ಬಂದವಂತೆ. ಆಗ ಅಮ್ಮನ ಮಾತು ನೆನಪಾಯಿತು: ಎರಡರಲ್ಲೂ ಗೆತೆ, ಎರಡು ಸಲನೂ ತೆಗೆದೆ. ಎರಡು ಸಾಲಲ್ಲೂ ಇರುವ ಗುಟ್ಟಿನ ಪದ ಯಾವುದು, ಎರಡರಲ್ಲೂ ಇರುವ ನಮ್ಮ ಪದ ಯಾವುದು, ಅವೆರಡನ್ನು ಜೋಡಿ ಮಾಡಿದರೆ ಮುಗಿಯಿತು. ಟಿ ಅಂದರೆ ನೀರು. ಇಷ್ಟೇ ಕಣೋ.

ಫಲಿತಾಂಶದ ದಿನ ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು, "ಮ್ಮಅ, ಸುಪಾ," ಅಂದಳು. ಪಾಸು ಅಂತ. ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡು, "ನೆಟ್ಟಗೆ ಹೇಳೇ. ನಾನೂ ನೆಟ್ಟಗೆ ಅಳ್ಬೇಕು," ಅಂದರು.

ಆಮೇಲೆ ನಿವೃತ್ತಿಯವರೆಗೂ ಆ ವಿಂಗಡಣೆ ಕೋಣೆಯಲ್ಲೇ ಇದ್ದಳು. ಒಂದು ಸಲ ನಾನು ಊಟದ ಡಬ್ಬ ಕೊಡಲು ಹೋಗಿದ್ದೆ. ಟ್ಯೂಬ್‌ಲೈಟ್ ಕೆಳಗೆ ಗೋಡೆ ತುಂಬ ಮರದ ಗೂಡುಗಳು, ನೆಲದ ಮೇಲೆ ಚೀಲಗಳು. ಎಂಥ ಕೆಟ್ಟ ಕೈಬರಹವಿದ್ದರೂ ಎಲ್ಲರೂ ಅವಳ ಮೇಜಿಗೇ ತಂದು ಹಾಕುತ್ತಿದ್ದರು. ನನ್ನನ್ನು ನೋಡಿ ಅಷ್ಟು ಜನರ ಮುಂದೆ, "ಗೆತ್ತಿಅ ದ್ರುಬಂ," ಅಂದಳು. ಅತ್ತಿಗೆ ಬಂದ್ರು. ನನಗೋ ನಾಚಿಕೆ. ಅತ್ತೆ ಇರುವವರೆಗೂ ಮೂವರೂ ಹಾಗೇ ಮಾತಾಡುತ್ತಿದ್ದೆವು. ಈಗ ಅವರಿಲ್ಲ. ಆ ಭಾಷೆ ಬರುವವರು ನಾವಿಬ್ಬರೇ ಉಳಿದಿದ್ದೇವೆ. ಈಗ ನೀನು ಸೇರಿದರೆ ಮೂವರು.

ಸಾಕು, ಪೆನ್ನು ಕೆಳಗಿಡು. ಡಿಗುಂ ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿದೆ, ಓದಬಾರದು ಅಂತ ಹೇಳಿದ್ದಾರೆ. ಇವತ್ತಿನ ಪೇಪರ್ ತಗೊಂಡು ಹೋಗಿ ಹಿಂದಿನ ಪುಟದ ಪದಬಂಧ ಓದಿ ಹೇಳು. ನಿನಗೆ ಉತ್ತರ ಗೊತ್ತಿದ್ರೂ ಬಾಯಿ ಬಿಡಬೇಡ, ಬಯ್ತಾಳೆ. ಊಟ ಮಾಡಿದ್ದಾಳಾ ಅಂತ ಕೇಳು, ಹೇಗೆ ಕೇಳಬೇಕು ಅಂತ ಗೊತ್ತಲ್ಲ.

ಹೋಗೋ ಮುಂಚೆ ಆ ಕಿಟಕಿ ಗೆತೆ, ಕಂದ.