ಎದುರು ಗುಡ್ಡದ ಕಂದೀಲು

ನಗುವವರು ನಗಲಿ. ಇದು ಕಟ್ಟುಕಥೆಯಾಗಿದ್ದರೆ ಈ ವಯಸ್ಸಿನಲ್ಲೂ ನನ್ನ ನಿದ್ದೆ ಕೆಡಿಸುತ್ತಿರಲಿಲ್ಲ.

ಆಗ ನಮ್ಮ ಕಡೆ ನಿಜಾಮರ ಆಳ್ವಿಕೆ. ನಾನೂ ನನ್ನ ತಮ್ಮ ಹನುಮನೂ ಜಮೀನು ಅಳೆಯುವವರ ಕೈಕೆಳಗಿನ ಆಳುಗಳು. ಕತ್ತಲಾದ ಮೇಲೆ ಗುಡ್ಡಗಳ ನೆತ್ತಿಯಲ್ಲಿ ದೊಡ್ಡ ಕಂದೀಲು ಹಚ್ಚಿಡುವುದು ನಮ್ಮ ಕೆಲಸ. ಆ ಬೆಳಕಿಗೆ ಗುರಿಯಿಟ್ಟು ಸಾಹೇಬರು ದೂರದಿಂದ ಅಳತೆ ತೆಗೆಯುತ್ತಿದ್ದರು. ಮಸ್ಕಿಯ ಗುಡ್ಡದ ಮೇಲೆ ನಾನು, ಜೊತೆಗೆ ಮುದುಕ ಖಾಸಿಂ ಚಾಚಾ. ಸಂತೆಕಲ್ಲೂರಿನ ಕಡೆಯ ಎತ್ತರದ ಗುಡ್ಡಕ್ಕೆ ಹನುಮ ಒಬ್ಬನೇ. ಆ ನೆತ್ತಿಯಲ್ಲಿ ನೀರಿಲ್ಲ, ನೆರಳಿಲ್ಲ, ನರಪಿಳ್ಳೆಯಿಲ್ಲ.

ಅವತ್ತು ಹನುಮನ ಮೈ ಕೆಂಡದಂತೆ ಸುಡುತ್ತಿತ್ತು.

“ಹೋಗಬ್ಯಾಡಲೇ,” ಅಂದೆ.

“ಏನಾಗಂಗಿಲ್ಲ ಬಿಡಣ್ಣ,” ಎಂದು ಹೊರಟೇಬಿಟ್ಟ, ಹಟಮಾರಿ. ಅವ್ವ ಸಾಯುವಾಗ ಅವನನ್ನು ನನ್ನ ಮಡಿಲಿಗೆ ಹಾಕಿ ಹೋಗಿದ್ದಳು. ನನಗೆ ಅವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ನಮ್ಮೊಳಗೆ ಒಂದು ಸನ್ನೆ ಇತ್ತು. ಕಂದೀಲಿಗೆ ಒಮ್ಮೆ ಕಂಬಳಿ ಮರೆ ಮಾಡಿ ತೆಗೆದರೆ “ಆರಾಮ ಅದೀಯೇನು?” ಅಂತ. ಆ ಕಡೆಯವನೂ ಒಮ್ಮೆ ಮರೆ ಮಾಡಿದರೆ “ಆರಾಮ.” ಎರಡು ಸಲ ಮಾಡಿದರೆ “ಲಗೂನ ಬಾ.”

ಕತ್ತಲಾಯಿತು. ಎದುರು ಗುಡ್ಡದ ತುದಿಯಲ್ಲಿ ದೀಪ ಕಂಡಿತು. ಕಂಬಳಿ ಹಿಡಿದು ಕೇಳಿದೆ. “ಆರಾಮ” ಎಂದೇ ಉತ್ತರ ಬಂತು. ಸದ್ಯ, ಎಂದು ಉಸಿರು ಬಿಟ್ಟೆ.

ಸ್ವಲ್ಪ ಹೊತ್ತಿಗೆ ಗಾಳಿ ನಿಂತಿತು. ಜೀರುಂಡೆಯ ಸದ್ದೂ ಇಲ್ಲ... ಎಲ್ಲಿಂದಲೋ ಎಣ್ಣೆ ಸುಟ್ಟ ಕಮಟು ವಾಸನೆ. ಮತ್ತೆ ಕೇಳೋಣವೆಂದು ಕಂಬಳಿ ಎತ್ತಿದೆ, ಅಷ್ಟೇ. ನಾನು ಕೇಳುವ ಮೊದಲೇ ಆ ದೀಪ ಮರೆಯಾಗಿ ಕಂಡಿತು... ಮತ್ತೆ ಮರೆಯಾಗಿ ಕಂಡಿತು.

“ಚಾಚಾ, ಕರಿಯಾಕತ್ಯಾನ!”

“ಯಾ ಅಲ್ಲಾ... ನಡಿ, ನಾನೂ ಬರ್ತೀನಿ.”

ಕೆಲಸ ಹೋದರೆ ಹೋಗಲಿ ಎಂದು ನಮ್ಮ ಕಂದೀಲನ್ನೇ ಎತ್ತಿಕೊಂಡು ಇಳಿದೆವು. ಜೋಳದ ಹೊಲಗಳಲ್ಲಿ ಎದ್ದು ಬಿದ್ದು ಓಡಿದೆವು. ದಾರಿಯುದ್ದಕ್ಕೂ ಆ ಬೆಳಕು ಮೇಲೆ ಅಲುಗದೆ ಉರಿಯುತ್ತಿತ್ತು.

ಗುಡ್ಡದ ಬುಡದಲ್ಲೇ, ಬಂಡೆಯೊಂದರ ಪಕ್ಕ, ಹನುಮ ಸಿಕ್ಕ. ಮೈಮೇಲೆ ಎಚ್ಚರವಿಲ್ಲ. ಎದೆಗೆ ಕಿವಿಯಿಟ್ಟೆ, ಜೀವವಿತ್ತು. ಗಳಗಳ ಅತ್ತುಬಿಟ್ಟೆ.

ಅವನ ಪಕ್ಕದಲ್ಲಿ ಅವನ ಕಂದೀಲು ಬಿದ್ದಿತ್ತು. ಚಾಚಾ ಗಾಜು ತೆಗೆದು ನೋಡಿದ. ಬತ್ತಿ ಬೆಳ್ಳಗೆ, ಹೊಸದಾಗಿಯೇ ಇತ್ತು. ಅದನ್ನು ಯಾರೂ ಹಚ್ಚಿರಲೇ ಇಲ್ಲ.

“ಹಂಗಾದ್ರ... ಮ್ಯಾಲ ಯಾರದಾರ ಚಾಚಾ?”

ಅವನು ನನ್ನ ಬಾಯಿ ಮುಚ್ಚಿದ. ನೆತ್ತಿಯ ಮೇಲಿನ ಬೆಳಕು ಒಮ್ಮೆ ಮರೆಯಾಗಿ ಕಂಡಿತು. ಉತ್ತರಕ್ಕೆ ಕಾದಂತೆ ಅಲುಗದೆ ನಿಂತಿತು. ಮತ್ತೊಮ್ಮೆ ಕೇಳಿತು... ಆರಾಮ ಅದೀಯೇನು?

“ಜವಾಬು ಕೊಡಬ್ಯಾಡ ಬೇಟಾ!” ಚಾಚಾ ಪಿಸುಗುಟ್ಟಿದ. ತಮ್ಮನನ್ನು ಬೆನ್ನಿಗೆ ಹಾಕಿಕೊಂಡು ಹಿಂದೆ ನೋಡದೆ ಓಡಿದೆ.

ಹನುಮ ಬದುಕಿದ. “ಹಗಲಿನ್ಯಾಗ ತಲಿ ತಿರುಗಿ ಬಿದ್ದೆ, ಗುಡ್ಡ ಹತ್ತೇ ಇಲ್ಲಣ್ಣ,” ಅನ್ನುತ್ತಾನೆ ಇವತ್ತಿಗೂ.

ಆರಾಮ ಎಂದು ಮೊದಲು ಸುಳ್ಳು ಹೇಳಿದ್ದೂ ಆ ದೀಪವೇ. ಕರೆದು ನನ್ನ ತಮ್ಮನನ್ನು ಉಳಿಸಿಕೊಟ್ಟಿದ್ದೂ ಅದೇ. ಕೊನೆಗೆ ಅದು ನನ್ನನ್ನು ಕೇಳಿದ್ದು ಒಂದೇ ಮಾತು, ನಾನು ಉತ್ತರ ಕೊಡದೆ ಬಂದೆ. ಈಗಲೂ ಕತ್ತಲಲ್ಲಿ ಆ ಕಡೆ ಹೋದರೆ ನಾನು ತಲೆ ಎತ್ತುವುದಿಲ್ಲ. ಅದು ಇನ್ನೂ ಕೇಳುತ್ತಲೇ ಇದ್ದರೆ...?